ಬುದ್ಧನ ಕೈ, ಶಿಲ್ಪಿಯ ಕೈ

ಎಲ್ಲರಿಗೂ ನಮಸ್ಕಾರ. ಬುದ್ಧನ ವಿಗ್ರಹ ಕಂಡರೆ ನಮ್ಮ ಕಣ್ಣು ಮೊದಲು ಮುಖದ ಕಡೆಗೇ ಹೋಗುತ್ತದೆ, ಅಲ್ವಾ? ಇವತ್ತು ಕೈಯಿಂದ ಶುರು ಮಾಡೋಣ.

ಬಲಗೈ ಮಂಡಿಯ ಮೇಲಿಂದ ಇಳಿದು ಬೆರಳ ತುದಿ ನೆಲ ಮುಟ್ಟುತ್ತಿದ್ದರೆ ಅದು ಭೂಮಿಸ್ಪರ್ಶ ಮುದ್ರೆ. ಬೋಧಿ ಮರದ ಕೆಳಗೆ ಕೂತ ಸಿದ್ಧಾರ್ಥನನ್ನು ಧ್ಯಾನ ಕೆಡಿಸಲು ಬಂದ ಮಾರ ಕೆಣಕಿದನಂತೆ: ಈ ಜಾಗಕ್ಕೆ ನೀನು ಯೋಗ್ಯ ಅನ್ನೋದಕ್ಕೆ ಸಾಕ್ಷಿ ಯಾರು? ಸಿದ್ಧಾರ್ಥ ವಾದಕ್ಕೆ ಇಳಿಯಲಿಲ್ಲ. ಕೈ ಚಾಚಿ ನೆಲ ಮುಟ್ಟಿದ. ಭೂಮಿಯೇ ಸಾಕ್ಷಿ ನುಡಿಯಿತು. ಈಗ ಎಡಗೈ ನೋಡಿ. ಅದು ಮಡಿಲಲ್ಲಿ ಅಂಗೈ ಮೇಲಾಗಿ ಹಾಗೇ ಇದೆ. ಒಂದು ಕೈ ಉತ್ತರ ಕೊಡುತ್ತಿದೆ, ಇನ್ನೊಂದು ಧ್ಯಾನದಿಂದ ಕದಲಿಲ್ಲ. ಇಡೀ ಕತೆಯನ್ನು ಎರಡು ಕೈಯಲ್ಲಿ ಹೇಳಿದ್ದಾರಲ್ಲ, ನನಗೆ ಇದು ಎಷ್ಟು ನೋಡಿದರೂ ಸಾಲದು.

ಜೋತುಬಿದ್ದ ಕಿವಿಗಳೂ ಹಾಗೆಯೇ. ರಾಜಕುಮಾರನಾಗಿದ್ದಾಗ ಹಾಕಿದ್ದ ಭಾರದ ಕುಂಡಲಗಳ ಗುರುತು ಅದು. ಕುಂಡಲ ಹೋಗಿದೆ, ಬಿಟ್ಟುಬಂದದ್ದರ ಗುರುತು ಉಳಿದಿದೆ.

ಮೊದಮೊದಲು ಬುದ್ಧನ ರೂಪವನ್ನೇ ಕೆತ್ತುತ್ತಿರಲಿಲ್ಲ. ಸಾಂಚಿಯಲ್ಲಿ ಹೆಜ್ಜೆ ಗುರುತು, ಮರ, ಚಕ್ರ, ಖಾಲಿ ಪೀಠ, ಅಷ್ಟೇ. ಮನುಷ್ಯರೂಪದ ಬುದ್ಧ ಹೆಚ್ಚಾಗಿ ಕಾಣಿಸಿಕೊಂಡಿದ್ದು ಸುಮಾರು ಕ್ರಿ.ಶ. 1ನೇ ಶತಮಾನದಿಂದ, ಗಾಂಧಾರ ಮತ್ತು ಮಥುರೆಯಲ್ಲಿ.

ಇನ್ನು ಶಿಲ್ಪಿಯ ಕೈಗೆ ಬರೋಣ. ನೇಪಾಳದ ಪಾಟನ್‌ನಲ್ಲಿ ನೇವಾರ ಸಮುದಾಯದ ಶಾಕ್ಯರು ತಲೆಮಾರುಗಳಿಂದ ಈ ಕೆಲಸ ಮಾಡುತ್ತಾರೆ. ತಮ್ಮದು ಬುದ್ಧನ ಕುಲವೇ ಎಂದು ನಂಬಿದವರು ಅವರು. ಜೇನುಮೇಣಕ್ಕೆ ಮರದ ಅಂಟು ಬೆರೆಸಿ, ಬಿಸಿ ಮಾಡಿ, ಬೆರಳಿನಿಂದಲೇ ಮೂರ್ತಿ ತಿದ್ದುತ್ತಾರೆ. ಅದರ ಮೇಲೆ ಮೊದಲು ನುಣುಪಾದ ಮಣ್ಣಿನ ಲೇಪ, ಆಮೇಲೆ ಭತ್ತದ ಹೊಟ್ಟು ಬೆರೆಸಿದ ದಪ್ಪ ಮಣ್ಣು. ಒಣಗಿದ ಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ತಾಮ್ರ ಹೊಯ್ಯುತ್ತಾರೆ. ತಣಿದ ಮೇಲೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ.

ಅಲ್ಲಿಂದಾಚೆ ಚಾಣದ ಕೆಲಸ. ಬಟ್ಟೆಯ ಅಂಚಿನ ಬಳ್ಳಿ, ಕಮಲದ ಎಸಳು, ಎಲ್ಲವೂ ಸಣ್ಣ ಸುತ್ತಿಗೆಯ ಏಟಿನಲ್ಲಿ ಮೂಡಬೇಕು. ದೊಡ್ಡ ಮೂರ್ತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೊನೆಗೆ ಚಿನ್ನ. ಚಿನ್ನವನ್ನು ಪಾದರಸದಲ್ಲಿ ಕಲಸಿ ಸವರಿ, ಬೆಂಕಿ ತೋರಿಸುತ್ತಾರೆ. ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆ ಆವಿ ವಿಷ. ಮಿಂಚುವ ಮೂರ್ತಿಯ ಮುಂದೆ ನಿಂತಾಗ ಅದನ್ನು ಉಸಿರಾಡಿದವರನ್ನೂ ನಾವು ನೆನೆಯಬೇಕು.

ಇಷ್ಟಾದರೂ ಅದು ಇನ್ನೂ ಪೂಜೆಯ ಮೂರ್ತಿ ಅಲ್ಲ. ಟಿಬೆಟಿನ ಸಂಪ್ರದಾಯದಲ್ಲಿ ಟೊಳ್ಳಾದ ಒಡಲೊಳಗೆ ಮಂತ್ರ ಬರೆದ ಕಾಗದದ ಸುರುಳಿಗಳನ್ನು ತುಂಬುತ್ತಾರೆ. ಆಮೇಲೆ ತಳಕ್ಕೆ ತಗಡು ಮುಚ್ಚುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ ಅಡ್ಡಡ್ಡ ಇಟ್ಟ ಎರಡು ವಜ್ರಾಯುಧಗಳ ಗುರುತು ಇರುತ್ತದೆ. ಒಳಗಿರುವ ಬರಹವನ್ನು ಭಕ್ತರು ಯಾವತ್ತೂ ಓದುವುದಿಲ್ಲ. ಅದು ಅಲ್ಲಿದ್ದರೆ ಸಾಕು.

ಶ್ರೀಲಂಕಾದಲ್ಲಿ ಕಣ್ಣು ಬರೆಯುವುದೇ ಕೊನೆಯ ವಿಧಿ. ಅದಕ್ಕೆ ನೇತ್ರಮಂಗಲ ಎನ್ನುತ್ತಾರೆ. ಹೊತ್ತು ನೋಡಿ ಮಾಡುವ ಕೆಲಸ. ಹೊಸದಾಗಿ ತೆರೆಯುವ ಆ ನೋಟವನ್ನು ನೇರವಾಗಿ ಎದುರಿಸಬಾರದು ಎಂಬ ನಂಬಿಕೆ. ಅದಕ್ಕೇ ಶಿಲ್ಪಿ ಮೂರ್ತಿಗೆ ಬೆನ್ನು ಮಾಡಿ ನಿಲ್ಲುತ್ತಾನೆ, ಕನ್ನಡಿ ಹಿಡಿಯುತ್ತಾನೆ, ಕುಂಚವನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚುತ್ತಾನೆ. ಅಷ್ಟು ದಿನ ತಾನೇ ತಿದ್ದಿದ ಮುಖವನ್ನು ಆಗ ಕನ್ನಡಿಯಲ್ಲಿ ಮಾತ್ರ ನೋಡುತ್ತಾನೆ.