ಕಮಾನು ಹೋಯ್ತು, ಕಾವಲುಮನೆ ಉಳೀತು

ಲಂಡನ್ನಿನ ಯೂಸ್ಟನ್ ಸ್ಟೇಷನ್ ಮುಂದೆ, ಬಸ್ಸುಗಳ ಗದ್ದಲದಲ್ಲಿ, ಒಂದು ಪುಟ್ಟ ಕಲ್ಲಿನ ಮನೆ ಇದೆ. ಒಳಗೆ ಪಬ್. ಹೆಸರು ಯೂಸ್ಟನ್ ಟ್ಯಾಪ್. ಜಾಗ ಎಷ್ಟು ಕಮ್ಮಿ ಅಂದ್ರೆ, ಶುಕ್ರವಾರ ಸಂಜೆ ಅರ್ಧ ಜನ ಗ್ಲಾಸ್ ಹಿಡಿದು ಹೊರಗೇ ನಿಂತಿರುತ್ತಾರೆ. ಟಾಯ್ಲೆಟ್ ಮೇಲಿದೆ, ಸುರುಳಿ ಮೆಟ್ಟಿಲು ಹತ್ತಬೇಕು. ಹತ್ತೋದು ಬಿಡಿ, ಎರಡು ಗ್ಲಾಸ್ ಆದಮೇಲೆ ಇಳಿದು ನೋಡಿ!

ಮನೆ 1870ರ ಹೊತ್ತಿನದು. ಪಬ್ ಆಗಿದ್ದು 2010ರಲ್ಲಿ. ಪಕ್ಕದಲ್ಲೇ ಇದರ ಅವಳಿ. ಎರಡೂ ಸ್ಟೇಷನ್‌ನ ಕಾವಲುಮನೆಗಳ ಹಾಗೆ ಕಾಣುತ್ತವೆ. ಮೂಲೆಗಲ್ಲುಗಳ ಮೇಲೆ ಊರುಗಳ ಹೆಸರು ಕೆತ್ತಿದ್ದಾರೆ, ಆ ಕಾಲದಲ್ಲಿ ಇಲ್ಲಿಂದ ರೈಲು ಹತ್ತಿ ಹೋಗಬಹುದಾಗಿದ್ದ ಊರುಗಳು. ಸ್ವಾನ್ಸೀ ಅಂತಲೂ ಇದೆ. ಅದನ್ನು ನಂಬಿ ಒಳಗೆ ಹೋದರೆ ಕೆಟ್ಟಿರಿ. ಸ್ವಾನ್ಸೀ ರೈಲು ಈಗ ಪ್ಯಾಡಿಂಗ್ಟನ್‌ನಿಂದ.

ಈ ಮನೆಗಳ ಹಿಂದೆ ದೊಡ್ಡದೊಂದು ಕಮಾನಿತ್ತು. 1837ರದ್ದು, ಸುಮಾರು 70 ಅಡಿ ಎತ್ತರ. ಹೊಸ ಸ್ಟೇಷನ್‌ಗೆ ಅಡ್ಡ ಅಂತ 1961ರ ಕೊನೆಯಲ್ಲಿ ಕೆಡವೋಕೆ ಶುರು ಮಾಡಿದರು. ಕವಿ ಬೆಟ್ಜೆಮನ್ ತರದವರು ಬೇಡ ಅಂತ ಗೋಗರೆದರು. ಪ್ರಧಾನಿ ಮ್ಯಾಕ್‌ಮಿಲನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ಲುಗಳು ಏನಾದವು ಗೊತ್ತಾ? ಎಷ್ಟೋ ಕಲ್ಲನ್ನು ಪೂರ್ವ ಲಂಡನ್ನಿನ ಒಂದು ಕಾಲುವೆಯ ತಳದ ಗುಂಡಿ ಮುಚ್ಚೋಕೆ ಸುರಿದರು. ಇತಿಹಾಸಕಾರ ಡ್ಯಾನ್ ಕ್ರುಕ್‌ಶಾಂಕ್ ಅವನ್ನು ಪತ್ತೆ ಹಚ್ಚಿದ್ದು 1994ರಲ್ಲಿ.

ನೋಡಿ, ದೊಡ್ಡದು ಕಣ್ಣು ಕುಕ್ಕಿತು, ಹೋಯ್ತು. ಚಿಕ್ಕದು ಯಾರ ದಾರಿಗೂ ಅಡ್ಡ ಬರಲಿಲ್ಲ, ಉಳೀತು. ಇದರಲ್ಲಿ ಯಾರ ಜಾಣತನವೂ ಇಲ್ಲ. ಆಮೇಲೆ ಅಲ್ಲಿ ಬಿಯರ್ ಮಾರೋಕೆ ಶುರು ಮಾಡಿದರಲ್ಲ, ಅದು ಜಾಣತನ. ಪಾರಂಪರಿಕ ಕಟ್ಟಡದಲ್ಲಿ ಹೆಂಡದಂಗಡಿನಾ ಅಂತ ಮೂಗು ಮುರಿಯೋರು ಇದ್ದಾರೆ. ನನಗಂತೂ ಸರಿ ಅನ್ಸುತ್ತೆ. ನಮ್ಮಲ್ಲಿ ಹಳೇ ಕಟ್ಟಡ ಅಂದ್ರೆ ಬೀಗ, ಒಂದು ಬೋರ್ಡು, ಒಳಗೆ ಪಾರಿವಾಳ. ಅಲ್ವಾ? ಇಲ್ಲಿ ರೈಲು ತಪ್ಪಿಸಿಕೊಂಡವನು ಬ್ಯಾಗನ್ನು ಕಾಲ ಹತ್ತಿರ ಇಟ್ಟು, ಕೆತ್ತಿದ ಹೆಸರುಗಳಿಗೆ ಬೆನ್ನು ಒರಗಿಸಿ, ಮುಂದಿನ ರೈಲು ಎಷ್ಟೊತ್ತಿಗೆ ಅಂತ ಮೊಬೈಲ್‌ನಲ್ಲಿ ನೋಡ್ತಾನೆ. ಇನ್ನೂ 40 ನಿಮಿಷ ಇದೆ. ಇನ್ನೊಂದು ತರೋಕೆ ಒಳಗೆ ಹೋಗ್ತಾನೆ.