ಮೂಳೆ ಸವೆದಿದೆಯೇ? ರಕ್ತನಾಳವನ್ನೂ ವಿಚಾರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಎಕ್ಸ್‌ರೇ, ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯೆ. ಮೂಳೆ ಸವೆತ, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಮಾತಾಡುತ್ತೇನೆ. ಆದರೆ ಬರೀ ಮೂಳೆ ವಿಷಯ ಹೇಳಿ ಎದ್ದು ಹೋಗೋಕೆ ನನಗೆ ಮನಸ್ಸಿಲ್ಲ.

ಅರವತ್ತು ದಾಟಿದ ಹೆಂಗಸೊಬ್ಬರು ಸೊಂಟ ನೋವು ಅಂತ ಬರುತ್ತಾರೆ ಅಂದುಕೊಳ್ಳಿ. ಪಕ್ಕಕ್ಕೆ ಮಲಗಿಸಿ ಬೆನ್ನಿನ ಎಕ್ಸ್‌ರೇ ತೆಗೆಯುತ್ತಾರೆ. ಬೆನ್ನುಮೂಳೆಯ ಮಣಿಗಳು ಬೆಳ್ಳಗೆ ಕಾಣಬೇಕು. ಇವರದ್ದು ಮಂಕಾಗಿವೆ. ಅಂಚಿನ ಗೆರೆ ಮಾತ್ರ ಎದ್ದು ಕಾಣುತ್ತದೆ. ಒಂದು ಮಣಿ ಮುಂದುಗಡೆ ಕುಸಿದಿದೆ. ಈಗ ಆ ಮಣಿಗಳ ಮುಂದೆ, ಹೊಟ್ಟೆಯ ಕಡೆ ನೋಡಿ. ಎರಡು ಬಿಳಿ ಗೆರೆಗಳು ಜೊತೆಜೊತೆಯಾಗಿ, ಅಲ್ಲಲ್ಲಿ ತುಂಡಾಗಿ, ಕೆಳಗಿಳಿದಿವೆ. ಅಲ್ಲಿ ಅಂಥ ಗೆರೆ ಇರಬಾರದು. ಅದು ಮಹಾಪಧಮನಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ಅದರ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತಿದೆ.

ವರದಿಯಲ್ಲಿ ಮಣಿ ಕುಸಿದ ವಿಷಯ ಮೊದಲು ಬರುತ್ತದೆ. ಗೆರೆಗಳ ವಿಷಯ ಕೊನೆಗೆ, ಒಂದೇ ಸಾಲು. ಅದನ್ನು ಓದುವವರು ಎಷ್ಟು ಜನ? ಮೂಳೆ ಡಾಕ್ಟರು ಮೂಳೆ ನೋಡುತ್ತಾರೆ. ಹೃದಯದ ಡಾಕ್ಟರ ಕೈಗೆ ಆ ಫಿಲ್ಮ್ ಹೋಗುವುದೇ ಇಲ್ಲ. ಬರೆದು ಬರೆದು ನನಗೂ ಸಾಕಾಗಿದೆ. ಅದಕ್ಕೇ ನಿಮಗೇ ನೇರವಾಗಿ ಹೇಳುತ್ತಿದ್ದೇನೆ: ಮೂಳೆ ಸವೆದಿದೆ ಅಂತ ಗೊತ್ತಾದರೆ, ರಕ್ತನಾಳದ ಬಗ್ಗೆಯೂ ಕೇಳಿ.

ವಯಸ್ಸಾದ ಮೇಲೆ ಎರಡೂ ಬರುತ್ತವೆ, ಅದರಲ್ಲೇನು ವಿಶೇಷ ಅಂತೀರಾ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ಗಮನಿಸುತ್ತಾ ಬಂದಿದ್ದಾರೆ. ಅಲ್ಲಿನವರ ಮೂಳೆ ಮತ್ತು ಮಹಾಪಧಮನಿ ಎರಡನ್ನೂ 25 ವರ್ಷಗಳ ಅಂತರದ ಎಕ್ಸ್‌ರೇಗಳಲ್ಲಿ ಹೋಲಿಸಿ ನೋಡಿದರು. ಹೆಂಗಸರಲ್ಲಿ ಯಾರ ಮೂಳೆ ಜಾಸ್ತಿ ಸವೆದಿತ್ತೋ ಅವರ ರಕ್ತನಾಳದಲ್ಲೇ ಕ್ಯಾಲ್ಸಿಯಂ ಜಾಸ್ತಿ ಬೆಳೆದಿತ್ತು. ವಯಸ್ಸಿನ ಲೆಕ್ಕ ಕಳೆದ ಮೇಲೂ ಅಷ್ಟೇ.

ಇನ್ನು ನನಗೆ ಇಷ್ಟವಾದ ಕಥೆ. ಇಲಿಗಳದ್ದು. ಆಸ್ಟಿಯೋಪ್ರೊಟೆಗರಿನ್ ಅಂತ ಒಂದು ಪ್ರೋಟೀನ್ ಇದೆ. ಹೆಸರು ಉದ್ದ, ಮರೆತರೂ ಪರವಾಗಿಲ್ಲ. ಮೂಳೆ ಕರಗಿಸುವ ಜೀವಕೋಶಗಳಿಗೆ ಕಡಿವಾಣ ಹಾಕುವುದು ಅದರ ಕೆಲಸ. ಆ ಪ್ರೋಟೀನೇ ಇಲ್ಲದ ಇಲಿಗಳನ್ನು ವಿಜ್ಞಾನಿಗಳು ಹುಟ್ಟಿಸಿದರು. ಕಡಿವಾಣ ತಪ್ಪಿದರೆ ಏನಾಗುತ್ತೆ? ಮೂಳೆ ಟೊಳ್ಳಾಗುತ್ತೆ. ಹಾಗೇ ಆಯಿತು. ಎಳೆಯ ಇಲಿಗಳಿಗೇ ಮುದುಕರ ಮೂಳೆ. ಅದು ಅವರು ಊಹಿಸಿದ್ದೇ. ಊಹಿಸದೇ ಇದ್ದದ್ದು ಇನ್ನೊಂದಿತ್ತು. ಅದೇ ಇಲಿಗಳ ಮಹಾಪಧಮನಿಯಲ್ಲಿ, ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿತ್ತು! ತೆಗೆದದ್ದು ಒಂದೇ ಜೀನು, ಕೆಟ್ಟದ್ದು ಎರಡು ಕಡೆ. ಇದು ಪ್ರಕಟವಾದದ್ದು 1998ರಲ್ಲಿ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಹಾಗಾದರೆ ಆ ಪ್ರೋಟೀನನ್ನು ವಾಪಸ್ ಕೊಟ್ಟು ನೋಡೋಣ ಅಂದರು. ತಾಯಿಯ ಹೊಟ್ಟೆಯಲ್ಲಿ ಇದ್ದಾಗಿನಿಂದಲೇ ಪ್ರೋಟೀನ್ ಸಿಕ್ಕ ಮರಿಗಳಿಗೆ ಮೂಳೆಯೂ ಸರಿ ಇತ್ತು, ರಕ್ತನಾಳವೂ ಸರಿ ಇತ್ತು. ಬೆಳೆದ ಇಲಿಗಳಿಗೆ ಚುಚ್ಚುಮದ್ದಿನಲ್ಲಿ ಕೊಟ್ಟರು. ಮೂಳೆ ಚೇತರಿಸಿಕೊಂಡಿತು. ರಕ್ತನಾಳದಲ್ಲಿ ಆಗಲೇ ಕೂತಿದ್ದ ಕ್ಯಾಲ್ಸಿಯಂ ಮಾತ್ರ ಕದಲಲಿಲ್ಲ. ತಡೆಯಬಹುದು, ಕರಗಿಸಲಾಗದು. ಈ ಕಾರಣಕ್ಕೇ ನಾನು ಬೇಗ ಕೇಳಿ, ಬೇಗ ಕೇಳಿ ಅಂತ ಬಡಿದುಕೊಳ್ಳುವುದು.

ತುಂಬಾ ಜನ ಇದನ್ನು ನೀರಿನ ಪೈಪಿನಲ್ಲಿ ಸುಣ್ಣ ಕಟ್ಟಿದ ಹಾಗೆ ಅಂದುಕೊಂಡಿದ್ದಾರೆ. ಅಲ್ಲ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯುವಿನ ಜೀವಕೋಶಗಳೇ ದಾರಿ ತಪ್ಪಿ, ಮೂಳೆ ಕಟ್ಟುವ ಜೀವಕೋಶಗಳ ಹಾಗೆ ಕೆಲಸ ಶುರು ಮಾಡುತ್ತವೆ. ಮೂಳೆ ಬೆಳೆಸುವ ಒಂದು ಪ್ರೋಟೀನು 1993ರಲ್ಲೇ ಮನುಷ್ಯರ ರಕ್ತನಾಳದಲ್ಲಿ ಸಿಕ್ಕಿದೆ.

ಅಯ್ಯೋ, ಸಮಯ ಆಗುತ್ತಾ ಬಂತು ಅಂತ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ.

ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ ಅಂತ ಲೆಕ್ಕ. ಆ ಕಾಗದ ಹಿಡಿದು ಡಾಕ್ಟರ ಮುಂದೆ ಕೂತಾಗ ಕೇಳಿ: ಡಾಕ್ಟ್ರೇ, ನನ್ನ ರಕ್ತನಾಳ ಹೇಗಿದೆ? ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿ ನೋಡಿಸಬೇಕಾ? ಹಳೆಯ ಬೆನ್ನಿನ ಎಕ್ಸ್‌ರೇ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಹೊಸ ಖರ್ಚೇನೂ ಇಲ್ಲ ಅಲ್ವಾ. ಕಿಡ್ನಿ ತೊಂದರೆ ಇರುವವರಂತೂ ಕೇಳಲೇಬೇಕು. ರಕ್ತದಲ್ಲಿ ಫಾಸ್ಫೇಟ್ ಏರಿದರೆ ರಕ್ತನಾಳ ಇನ್ನೂ ಬೇಗ ಗಟ್ಟಿಯಾಗುತ್ತದೆ.

ರಕ್ತನಾಳದಲ್ಲಿ ಕ್ಯಾಲ್ಸಿಯಂ ಇದೆ ಅಂತ ಹೆದರಿ ಮೂಳೆಯ ಔಷಧಿ ಬಿಡಬೇಡಿ. ಮೂಳೆ ವೀಕಾಗಿದೆ ಅಂತ ಕ್ಯಾಲ್ಸಿಯಂ ಮಾತ್ರೆಯನ್ನು ಸುಮ್ನೆ ನೀವಾಗಿಯೇ ಜಾಸ್ತಿ ನುಂಗಲೂ ಬೇಡಿ. ಬೀಡಿ, ಸಿಗರೇಟು ಬಿಡಿ. ಅದು ಎರಡನ್ನೂ ಕೆಡಿಸುತ್ತದೆ. ದಿನಾ ನಡೆಯಿರಿ.

ಕೊನೆಯದಾಗಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ. ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂರದಂತೆ ತಡೆಯುವ ಒಂದು ಪ್ರೋಟೀನಿಗೆ ವಿಟಮಿನ್ ಕೆ ಬೇಕು. ಈ ಮಾತ್ರೆ ಅದಕ್ಕೆ ಅಡ್ಡ ಬರುತ್ತದೆ. ಹಾಗಂತ ನಾಳೆ ಬೆಳಿಗ್ಗೆಯಿಂದ ಮಾತ್ರೆ ನಿಲ್ಲಿಸಿಬಿಟ್ಟೀರಿ! ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. ನಿಮಗೆ ಬೇರೆ ಮಾತ್ರೆ ಆಗುತ್ತದೋ ಇಲ್ಲವೋ ಅನ್ನುವುದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ನಮಸ್ಕಾರ.