ಟ್ಯಾಂಕ್ ತುಂಬಿ ಹರೀತಿದೆ, ಸ್ಕ್ರೀನ್‌ನಲ್ಲಿ 75 ಪರ್ಸೆಂಟ್! | ಪೀಣ್ಯದಲ್ಲಿ ಪಿಎಲ್‌ಸಿ ಅನಲಾಗ್ ಟ್ರೈನಿಂಗ್

ಹಾಂ, ಪೀಣ್ಯಕ್ಕೆ ಬಂದ್ವಿ. ಮೆಟ್ರೋ ಇಳಿದು ಒಳಗಿನ ರಸ್ತೇಲಿ ನಡೆದಿದ್ದನ್ನೆಲ್ಲ ಕಟ್ ಮಾಡಿದೀನಿ, ಲಾರಿ, ಧೂಳು ಬಿಟ್ರೆ ಅದ್ರಲ್ಲಿ ಏನೂ ಇಲ್ಲ. ಟೇಬಲ್ ಮೇಲಿರೋದು ಪಿಎಲ್‌ಸಿ, ಅಂದ್ರೆ ಫ್ಯಾಕ್ಟರಿ ಯಂತ್ರ ನಡೆಸೋ ಪುಟ್ಟ ಕಂಪ್ಯೂಟರ್: ಸೀಮೆನ್ಸ್ ಎಸ್7-1200, 1214ಸಿ ಸಿಪಿಯು. ಪಕ್ಕದಲ್ಲಿ ಪಾರದರ್ಶಕ ಟ್ಯಾಂಕು, ಕೆಳಗೆ ಪುಟ್ಟ ಪಂಪು, ಟ್ಯಾಂಕಿಗೆ ನೀರಿನ ಮಟ್ಟ ಅಳೆದು ಸಿಗ್ನಲ್ ಕಳಿಸೋ ಲೆವೆಲ್ ಟ್ರಾನ್ಸ್‌ಮಿಟರ್.

ಟ್ಯಾಂಕ್ ನೋಡಿ ನನಗೆ ನಿಜವಾಗ್ಲೂ ಖುಷಿಯಾಯ್ತು. ಎಷ್ಟೋ ಕಡೆ ಅನಲಾಗ್, ಅಂದ್ರೆ ಮೆಲ್ಲಗೆ ಏರಿಳಿಯೋ ಸಿಗ್ನಲ್‌ನ ಟ್ರೈನಿಂಗ್ ಅಂತ ಕರೆದು ಕೈಗೆ ಒಂದು ಪೊಟೆನ್ಷಿಯೋಮೀಟರ್ ಕೊಡ್ತಾರೆ. ನಾಬ್ ತಿರುಗಿಸು, ಸ್ಕ್ರೀನ್‌ನಲ್ಲಿ ನಂಬರ್ ಏರ್ತು, ಸರ್ಟಿಫಿಕೇಟ್ ತಗೋ. ಅದು ಟ್ರೈನಿಂಗೇ ಅಲ್ಲ. ಫ್ಯಾಕ್ಟರೀಲಿ ನಾಬ್ ಇರಲ್ಲ, ನೂರಾರು ಅಡಿ ಕೇಬಲ್ ಇರುತ್ತೆ.

ವೈರಿಂಗ್ ಮಾಡ್ತಿರೋದು ಕಾಣ್ತಿದೆ, ಹೇಳಲ್ಲ. ಆದ್ರೆ ಆ ಟರ್ಮಿನಲ್ ಹತ್ರ ಇರೋ ರೆಸಿಸ್ಟರ್ ನೋಡಿ. ಈ ಸಿಪಿಯು ಮೇಲೇ ಬರೋ ಎರಡು ಅನಲಾಗ್ ಇನ್‌ಪುಟ್‌ಗೆ ಅರ್ಥ ಆಗೋದು 0ಯಿಂದ 10 ವೋಲ್ಟ್ ಮಾತ್ರ. ನಮ್ಮ ಟ್ರಾನ್ಸ್‌ಮಿಟರ್ ಕೊಡೋದು 4ರಿಂದ 20 ಮಿಲಿಆಂಪ್ ಕರೆಂಟ್. ಅದಕ್ಕೇ ಅಡ್ಡಲಾಗಿ 500 ಓಮ್: 4 ಮಿಲಿಆಂಪ್‌ಗೆ 2 ವೋಲ್ಟ್, 20ಕ್ಕೆ 10 ವೋಲ್ಟ್. 500 ಓಮ್ ಅಂಗಡೀಲಿ ಸುಲಭವಾಗಿ ಸಿಗಲ್ಲ, ಎರಡು 1 ಕಿಲೋಓಮ್ ಪ್ಯಾರಲಲ್ ಹಾಕಿದಾರೆ. 10 ವೋಲ್ಟ್ ಅಂದ್ರೆ ಪಿಎಲ್‌ಸಿ ಒಳಗೆ 27648 ಅನ್ನೋ ನಂಬರ್, 2 ವೋಲ್ಟ್ ಅಂದ್ರೆ 5530. ಪ್ರೋಗ್ರಾಮ್‌ನಲ್ಲಿ ನಾರ್ಮ್-ಎಕ್ಸ್, ಸ್ಕೇಲ್-ಎಕ್ಸ್ ಎರಡು ಬ್ಲಾಕ್ ಹಾಕಿದ್ರೆ ಈ ನಂಬರ್ ಪರ್ಸೆಂಟ್ ಆಗುತ್ತೆ, ಅದೇ ಸ್ಕೇಲಿಂಗ್. ಪ್ರೋಗ್ರಾಮ್ ಇಷ್ಟೇ. ಲೆವೆಲ್ 90 ದಾಟಿದ್ರೆ ಪಂಪ್ ಆಫ್.

ಯಾಕೆ ಸೊನ್ನೆಯಿಂದ ಶುರು ಆಗಲ್ಲ ಅಂತ ಕೇಳೋರಿಗೆ: ಟ್ಯಾಂಕ್ ಖಾಲಿ ಇದ್ರೂ 4 ಮಿಲಿಆಂಪ್ ಬರ್ಲೇಬೇಕು. ಸೊನ್ನೆ ಬಂದ್ರೆ ವೈರ್ ಕಿತ್ತಿದೆ ಅಂತ ಗೊತ್ತಾಗುತ್ತೆ. ಇನ್ನೊಂದು, ಎರಡೇ ವೈರ್‌ನ ಟ್ರಾನ್ಸ್‌ಮಿಟರ್ ಬದುಕೋದೂ ಆ 4 ಮಿಲಿಆಂಪ್ ಒಳಗೇ. ಇದಕ್ಕೂ ಮುಂಚೆ ಗಾಳಿ ಪೈಪಲ್ಲಿ ಸಿಗ್ನಲ್ ಕಳಿಸ್ತಿದ್ರು, 3ರಿಂದ 15 ಪಿಎಸ್‌ಐ ಒತ್ತಡ. ಅಲ್ಲೂ ಸೊನ್ನೆ ಇಲ್ಲ, ಅದೇ ಒಂದಕ್ಕೆ ಐದರ ಲೆಕ್ಕ. ಆ ಕಾಲದವರ ಬುದ್ಧಿ ನನಗೆ ಬಹಳ ಇಷ್ಟ. ಇರ್ಲಿ, ಪಂಪ್ ಆನ್ ಆಯ್ತು, ನೋಡಿ.

50, 60, 70. 75. ಇಲ್ಲಿ ಗಮನಿಸಿ. ನೀರು ಏರ್ತಾನೇ ಇದೆ, ಸ್ಕ್ರೀನ್ ಏರ್ತಿಲ್ಲ. 90 ಬರದೇ ಪಂಪ್ ನಿಲ್ಲಲ್ಲ. ಪಕ್ಕದಲ್ಲಿರೋ ಹುಬ್ಬಳ್ಳಿ ಹುಡುಗ ಮೊದ್ಲು ನೋಡಿದ್ದು: "ಸರ್, ನೀರು ಹೊರಗ ಬರಾಕತ್ತೈತ್ರೀ, ಇಲ್ಲಿ ಇನ್ನೂ ಎಪ್ಪತ್ತೈದೇ ಐತಿ!" ನೆಲ ಪೂರ್ತಿ ನೀರು. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೇ ಇತ್ತು, ಟ್ರೈನಿಂಗ್ ಕೊಡೋ ಸರ್ ಓಡಿ ಮೇನ್ ಆಫ್ ಮಾಡಿದ್ರು. ಕ್ಯಾಮೆರಾ ಅಲ್ಲಾಡಿದ್ದು ಅದಕ್ಕೇ.

ಎಲ್ಲರೂ ಮೊದ್ಲು ಬೈದಿದ್ದು ಪ್ರೋಗ್ರಾಮ್‌ಗೆ. ಅರ್ಧ ಕ್ಲಾಸ್ ಲ್ಯಾಪ್‌ಟಾಪ್‌ಗೆ ಮುತ್ತಿಕೊಳ್ತು. ಸರ್ ಲ್ಯಾಪ್‌ಟಾಪ್ ಮುಚ್ಚಿ ಕೈಗೆ ಮಲ್ಟಿಮೀಟರ್ ಕೊಟ್ರು. ಇಡೀ ವಿಡಿಯೋದಲ್ಲಿ ಇದೇ ನನಗೆ ಮುಖ್ಯ ಅನ್ಸಿದ್ದು, ಅದಕ್ಕೇ ಈ ಭಾಗ ಕಟ್ ಮಾಡಿಲ್ಲ. ನೆಲ ಒರೆಸಿ ಮತ್ತೆ ಸಪ್ಲೈ ಕೊಟ್ಟಾಗ, ಪವರ್ ಸಪ್ಲೈ ಹತ್ರ 24 ವೋಲ್ಟ್, ಸರಿಯಾಗಿದೆ. 500 ಓಮ್ ಅಡ್ಡ 8 ವೋಲ್ಟ್. ಪ್ಯಾನಲ್ ಮೇಲೆ ಕೆಂಪಕ್ಷರದ ಇಂಡಿಕೇಟರ್ ಇದೆಯಲ್ಲ, ಅದೂ ಇದೇ ಲೂಪ್‌ನಲ್ಲಿ, ಅಂದ್ರೆ ಕರೆಂಟ್ ಸುತ್ತಿ ಬರೋ ಒಂದೇ ದಾರೀಲಿ ಸೀರೀಸ್, ಅದರ ಅಡ್ಡ 4 ವೋಲ್ಟ್. ಟ್ರಾನ್ಸ್‌ಮಿಟರ್‌ಗೆ ಉಳಿದಿದ್ದು 12. ಅದರ ನೇಮ್‌ಪ್ಲೇಟ್ ಮೇಲೆ ಬರೆದಿರೋ ಕನಿಷ್ಠ ವೋಲ್ಟೇಜೂ 12.

ಅಂದ್ರೆ ಇಂಡಿಕೇಟರ್ ಒಳಗೆ 250 ಓಮ್ ಇದೆ. ಒಟ್ಟು 750. 24ರಲ್ಲಿ ಟ್ರಾನ್ಸ್‌ಮಿಟರ್‌ನ 12 ಕಳೆದು ಉಳಿಯೋ 12 ವೋಲ್ಟ್‌ನ 750ರಿಂದ ಭಾಗಿಸಿ, 16 ಮಿಲಿಆಂಪ್. ಟ್ರಾನ್ಸ್‌ಮಿಟರ್ ಅದಕ್ಕಿಂತ ಜಾಸ್ತಿ ಕೊಡೋಕೆ ಆಗಲ್ಲ. 4ರಿಂದ 20ರ ನಡುವೆ 16 ಎಲ್ಲಿ ಬರುತ್ತೆ? ಸರಿಯಾಗಿ 75 ಪರ್ಸೆಂಟ್. ಪ್ರೋಗ್ರಾಮ್ ಸರಿ, ಸೆನ್ಸರ್ ಸರಿ, ಪಿಎಲ್‌ಸಿ ಸರಿ. ಲೂಪ್‌ಗೆ ವೋಲ್ಟೇಜ್ ಸಾಲ್ತಿಲ್ಲ. ಅರ್ಧ ಟ್ಯಾಂಕಲ್ಲಿ ಟೆಸ್ಟ್ ಮಾಡಿದವರಿಗೆ ಇದು ಜನ್ಮದಲ್ಲಿ ಗೊತ್ತಾಗಲ್ಲ, ಕಿಟ್ ಜೋಡಿಸಿದವರು ಮಾಡಿದ್ದೂ ಅದನ್ನೇ ಇರ್ಬೇಕು. ನನಗೆ ಸಿಟ್ಟು ಬಂದಿದ್ದು ಅದಕ್ಕೆ. ಇಲ್ಲಿ ಚೆಲ್ಲಿದ್ದು ನೀರು. ಇದೇ ಲೂಪ್ ಆಸಿಡ್ ಟ್ಯಾಂಕಿಗೆ ಹಾಕಿದ್ರೆ?

ಆ ಇಂಡಿಕೇಟರ್ ಕಿತ್ತು ಬಿಸಾಕಿ ಅಂತ ನಾನೇ ಮೊದ್ಲು ಹೇಳಿದ್ದು. ಈಗ ಯೋಚಿಸಿದ್ರೆ ಅದು ಇರ್ಲಿ ಅನ್ಸುತ್ತೆ. ಪಿಎಲ್‌ಸಿ ನಿಂತುಹೋದ್ರೂ ಆಪರೇಟರ್‌ಗೆ ಲೆವೆಲ್ ಕಾಣುತ್ತೆ. ಹಾಗಾಗಿ ಇಂಡಿಕೇಟರ್ ಬಿಟ್ಟು ರೆಸಿಸ್ಟರ್ ಬದಲಾಯಿಸ್ತಿದೀವಿ, ಅದೇ ಈಗ ಬೆಸುಗೆ ಹಾಕ್ತಿರೋದು. ಇನ್ನೆರಡು 1 ಕಿಲೋಓಮ್ ಸೇರಿಸಿದ್ರೆ 250. ಈಗ 20 ಮಿಲಿಆಂಪ್‌ನಲ್ಲೂ ಟ್ರಾನ್ಸ್‌ಮಿಟರ್‌ಗೆ 14 ವೋಲ್ಟ್ ಉಳಿಯುತ್ತೆ. ಸ್ಕೇಲಿಂಗ್ ಮಾತ್ರ ಬದಲಾಯಿಸ್ಬೇಕು, 2765ರಿಂದ 13824. ಈ ಇನ್‌ಪುಟ್ 10 ಬಿಟ್, ಅದ್ರಲ್ಲೀಗ ಅರ್ಧ ರೇಂಜೇ ಬಳಸ್ತಿದೀವಿ, ಹಾಗಾಗಿ ರೆಸಲ್ಯೂಷನ್, ಅಂದ್ರೆ ಅಳತೆಯ ಸೂಕ್ಷ್ಮತೆ ಅರ್ಧ ಆಗುತ್ತೆ. ಒಂದು ಮೀಟರ್ ಎತ್ತರದ ಟ್ಯಾಂಕಿಗೆ ಮೂರು ಮಿಲಿಮೀಟರ್ ಆಸುಪಾಸು ಹೆಜ್ಜೆ. ನೀರಿಗೆ ಧಾರಾಳ ಸಾಕು. ದುಡ್ಡಿದ್ರೆ ನೇರ ಕರೆಂಟ್ ತಗೊಳ್ಳೋ ಮಾಡ್ಯೂಲ್ ಹಾಕೋದು ಒಳ್ಳೇದು, ಅದು ಬೇರೆ ಮಾತು.

ಪೊಟೆನ್ಷಿಯೋಮೀಟರ್ ಬಗ್ಗೆ ಆಗ್ಲೇ ಜೋರಾಗಿ ಹೇಳ್ಬಿಟ್ಟೆ. ಸ್ಕೇಲಿಂಗ್ ಲೆಕ್ಕ ಬೆರಳಿಗೆ ಬರೋಕೆ ಮೊದಲ ಅರ್ಧ ಗಂಟೆ ಅದೂ ಇರ್ಲಿ, ಪರವಾಗಿಲ್ಲ. ಆದ್ರೆ ಅದ್ರಲ್ಲಿ 75ಕ್ಕೆ ನಿಲ್ಲೋ ಟ್ಯಾಂಕ್ ಯಾವತ್ತೂ ಸಿಗಲ್ಲ. ಡಿಪ್ಲೊಮಾ, ಐಟಿಐ ಮುಗಿಸಿ ಕೋರ್ಸ್ ಹುಡುಕ್ತಿರೋರು ಫೀಸ್ ಕಟ್ಟೋಕೆ ಮುಂಚೆ ಕೇಳಿ: ಟ್ರಾನ್ಸ್‌ಮಿಟರ್ ಕೈಗೆ ಕೊಡ್ತೀರಾ, ಲೂಪ್ ಬಿಚ್ಚಿ ಮೀಟರ್ ಇಡೋಕೆ ಬಿಡ್ತೀರಾ?

80, 90... ಪಂಪ್ ಆಫ್. ಆಯ್ತು!

ಸರ್ ಇನ್ನೊಂದು ಸೇರಿಸ್ತಿದಾರೆ. ಮೇಲಿರೋ ಬಿಳಿ ಫ್ಲೋಟ್ ಸ್ವಿಚ್ ಪಿಎಲ್‌ಸಿಗೆ ಹೋಗಲ್ಲ, ನೇರ ಪಂಪ್‌ಗೆ ಕರೆಂಟ್ ಕೊಡೋ ಸ್ವಿಚ್ಚಿನ, ಅಂದ್ರೆ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಸೀರೀಸ್. ರೀಡಿಂಗ್ ಏನೇ ತಪ್ಪಾದ್ರೂ ನೀರು ಅದನ್ನ ಎತ್ತಿದ ತಕ್ಷಣ ಪಂಪ್ ಕಟ್. ಇದು ಮೊದಲೇ ಇರ್ಬೇಕಿತ್ತು.

ಮೋಟರ್ ವೇಗ ಬದಲಾಯಿಸೋ ಡ್ರೈವ್ ಆನ್ ಮಾಡ್ತಾರಂತೆ, ಕೇಬಲ್‌ನಲ್ಲಿ ನಾಯ್ಸ್, ಅಂದ್ರೆ ಬೇಡದ ಸಿಗ್ನಲ್ ಹೇಗೆ ಬರುತ್ತೆ ತೋರಿಸೋಕೆ. ಕರೀತಿದಾರೆ, ಬ್ಯಾಟರೀನೂ ಮುಗೀತು, ಅದು ಮುಂದಿನ ವಿಡಿಯೋದಲ್ಲಿ.